ಸತ್ಯವೇದದ ಕಡಲೂ ಕನ್ನಡದ ಭವಸಾಗರವೂ

ಕ್ರೈಸ್ತರ ಸತ್ಯವೇದದಲ್ಲಿ ಸಮುದ್ರ, ಬಿರುಗಾಳಿ, ಹಡಗು, ದೋಣಿ, ದಡ ಇವುಗಳ ಪ್ರಸ್ತಾಪ ಬಂದಾಗ ನಮ್ಮ ಸಾಹಿತ್ಯದ ತರಗತಿಗಳಲ್ಲಿ ಅದಕ್ಕೊಂದು ವ್ಯಾಖ್ಯಾನವು ಸಿದ್ಧವಾಗಿರುವುದು. ಸಮುದ್ರವೆಂದರೆ ಸಂಸಾರ, ದೋಣಿಯೆಂದರೆ ಭಕ್ತಿ, ಅಂಬಿಗನೆಂದರೆ ದೇವರು, ದಡವೆಂದರೆ ಮುಕ್ತಿ. ಆದುದರಿಂದ ಎಲ್ಲ ಮತಗಳೂ ಹೇಳುವುದು ಒಂದನ್ನೇ ಎಂದು. ಈ ಮಾತು ಸೌಹಾರ್ದಕ್ಕೆ ಹಿತವಾದುದು. ಅರ್ಥನಿರ್ಣಯಕ್ಕೆ ಮಾತ್ರ ಸಾಲದು. ರೂಪಕವನ್ನು ಪರೀಕ್ಷಿಸುವವನು ಉಪಮಾನವೊಂದನ್ನೇ ನೋಡಿದರೆ ಆಗದು. ಉಪಮಾನೋಪಮೇಯಗಳಿಗೆ ಸಾಧಾರಣವಾದ ಧರ್ಮ ಯಾವುದೆಂದು ಕೇಳಬೇಕು. ಚಂದ್ರನನ್ನು ಕವಿಗಳು ಮುಖಕ್ಕೂ ಹೋಲಿಸಿದ್ದಾರೆ, ಬೆಳ್ಗೊಡೆಗೂ ಹೋಲಿಸಿದ್ದಾರೆ. ಅಷ್ಟರಿಂದ ಮುಖವೂ ಕೊಡೆಯೂ ಒಂದಾಗವು. ಸತ್ಯವೇದದ ಕಡಲಿಗೂ ನಮ್ಮ ಭವಸಾಗರಕ್ಕೂ ಇರುವ ಸಂಬಂಧವು ಬಹುಮಟ್ಟಿಗೆ ಈ ಬಗೆಯದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಕಡೆಯದನ್ನು ನೋಡೋಣ. ಸಂಸ್ಕೃತದಲ್ಲಿ ಈ ಪ್ರತೀಕವೆಲ್ಲ ‘ತೄ’ ಎಂಬ ಒಂದು ಧಾತುವಿನ ಮೇಲೆ ನಿಂತಿದೆ. ದಾಟುವುದು ಎಂದು ಅದರ ಅರ್ಥ. ತೀರ್ಥ, ತಾರಕ, ತರಣ, ದುಸ್ತರ ಇವೆಲ್ಲ ಅದರ ಮಕ್ಕಳು. ಶ್ವೇತಾಶ್ವತರೋಪನಿಷತ್ತು ಬ್ರಹ್ಮವನ್ನೇ ತೆಪ್ಪವೆಂದು ಕರೆದಿದೆ. ಮುಂಡಕವು ಯಜ್ಞಗಳನ್ನು ಭದ್ರವಲ್ಲದ ತೆಪ್ಪಗಳೆಂದು ಹಳಿದಿದೆ. ಭಗವದ್ಗೀತೆಯು ನಾಲ್ಕನೆಯ ಅಧ್ಯಾಯದಲ್ಲಿ ಜ್ಞಾನವನ್ನು ತೆಪ್ಪವೆಂದೂ ಹನ್ನೆರಡನೆಯದರಲ್ಲಿ ಸಂಸಾರವನ್ನು ಮೃತ್ಯುಸಾಗರವೆಂದೂ ಹೇಳಿದೆ. ಜೈನರು ತಮ್ಮ ಪರಮಪೂಜ್ಯರಿಗೆ ತೀರ್ಥಂಕರರೆಂದು, ಎಂದರೆ ಹಾಯ್ಗಡವನ್ನು ಮಾಡಿಕೊಟ್ಟವರೆಂದು, ಹೆಸರಿಟ್ಟರು. ಕನ್ನಡದಲ್ಲಿ 12ನೆಯ ಶತಮಾನದ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತವಾಗಿ ಮಾಡಿಕೊಂಡನು. ಪುರಂದರದಾಸರು ಭಗವಂತನನ್ನೇ ಅಂಬಿಗನೆಂದು ಕರೆದು, ಒಂಬತ್ತು ತೂತುಗಳುಳ್ಳ ಹರಿಗೋಲು ಎಂದು ನವದ್ವಾರಗಳ ದೇಹವನ್ನು ವರ್ಣಿಸಿರುವುದು ಯಾರಿಗೆ ತಿಳಿಯದು? ಇಲ್ಲೆಲ್ಲ ಸಾಧಾರಣಧರ್ಮವು ದುಸ್ತರತ್ವ. ಸಮುದ್ರವು ದಾಟಲಾರದಷ್ಟು ದೊಡ್ಡದು, ಸಂಸಾರವೂ ಹಾಗೆಯೇ. ಸಮುದ್ರಕ್ಕೆ ನಮ್ಮ ಮೇಲೆ ದ್ವೇಷವೇನೂ ಇಲ್ಲ. ಅದು ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ. ಸುಮ್ಮನೆ ಅಡ್ಡವಾಗಿ ಬಿದ್ದಿದೆ. ನಾವು ಈ ದಡದಲ್ಲಿರುವೆವು, ಆ ದಡಕ್ಕೆ ಹೋಗಬೇಕು, ಅಷ್ಟೆ.

ಇಬ್ರಿಯರ ಕಡಲು ಇಂತಹುದಲ್ಲ. ಅವರ ಭಾಷೆಯಲ್ಲಿ ಸಮುದ್ರಕ್ಕೆ ‘ಯಾಮ್’ ಎಂದೂ ಆದಿಯ ಅಗಾಧಜಲಕ್ಕೆ ‘ತೆಹೋಮ್’ ಎಂದೂ ಹೆಸರು. ಆದಿಕಾಂಡದ ಮೊದಲ ಮಾತುಗಳಲ್ಲಿಯೇ ಕತ್ತಲೆಯು ಈ ತೆಹೋಮಿನ ಮೇಲೆ ಕವಿದಿರುವುದು. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ದೇವರು ಕಡಲಿಗೆ ಕದಗಳನ್ನೂ ಅಗುಳಿಗಳನ್ನೂ ಹಾಕಿ, ಇಲ್ಲಿಂದಾಚೆಗೆ ಕಾಲಿಡಬೇಡವೆಂದು ಗದರಿಸಿ ನಿಲ್ಲಿಸಿದುದನ್ನು ತಾನೇ ಹೇಳಿಕೊಳ್ಳುವನು. ಕೀರ್ತನೆಗಳಲ್ಲಿಯೂ ಯೆಶಾಯನ ಪ್ರವಾದನೆಯಲ್ಲಿಯೂ ಲಿವ್ಯಾತಾನ್, ರಹಬ ಎಂಬ ಜಲರಾಕ್ಷಸರ ಸಂಹಾರವು ಸೂಚಿತವಾಗಿದೆ. ದಾನಿಯೇಲನ ಕನಸಿನಲ್ಲಿ ನಾಲ್ಕು ಕ್ರೂರಮೃಗಗಳು, ಎಂದರೆ ನಾಲ್ಕು ಸಾಮ್ರಾಜ್ಯಗಳು, ಎದ್ದುಬರುವುದು ಸಮುದ್ರದಿಂದಲೇ. ಇದು ಎಲ್ಲಿಂದ ಬಂದಿತೆಂಬುದಕ್ಕೆ 1929ರಿಂದ ಸಿರಿಯಾ ದೇಶದ ಕರಾವಳಿಯ ರಾಸ್ ಶಮ್ರಾ ಎಂಬಲ್ಲಿ ದೊರೆತ ಉಗಾರಿತ್ ನಗರದ ಜೇಡಿಮಣ್ಣಿನ ಹಲಗೆಗಳು ಸಾಕ್ಷಿಯಾಗಿವೆ. ಅಲ್ಲಿ ಯಾಮ್ ಎಂಬುದು ಬರಿಯ ನೀರಲ್ಲ. ದೇವಸಭೆಗೆ ದೂತರನ್ನು ಕಳುಹಿಸಿ ಅಧಿಕಾರ ಚಲಾಯಿಸಿದ ದೇವತೆ. ಬಾಳನೆಂಬ ಮಳೆದೇವತೆಯು ಗದೆಗಳಿಂದ ಹೊಡೆದು ಕೆಡಹಿದ ಶತ್ರು. ಇಬ್ರಿಯ ಕವಿಗಳು ಈ ಕಥೆಯ ಬಹುದೇವತೆಗಳನ್ನು ಬಿಟ್ಟು ಕಡಲಿನ ಸ್ವಭಾವವನ್ನು ಮಾತ್ರ ಉಳಿಸಿಕೊಂಡರು. ಅಲ್ಲಿಯ ಸಾಧಾರಣಧರ್ಮವು ದುಸ್ತರತ್ವವಲ್ಲ, ಔದ್ಧತ್ಯ. ಕಡಲು ದಾಟಬೇಕಾದ ವಸ್ತುವಲ್ಲ, ಅಡಗಿಸಬೇಕಾದ ದಂಗೆಕೋರ.

ಇದಕ್ಕೆ ಸರಿಯಾಗಿ ಎದುರಾದ ಚಿತ್ರವು ಋಗ್ವೇದದಲ್ಲಿದೆ. ವೃತ್ರನು ನೀರುಗಳನ್ನು ಸೆರೆಹಿಡಿದನು. ಇಂದ್ರನು ವಜ್ರಾಯುಧದಿಂದ ಅವನನ್ನು ಸೀಳಿ ನೀರುಗಳನ್ನು ಬಿಡಿಸಿದನು. ಇಲ್ಲಿ ಸೆರೆಯಾಳಾದುದು ನೀರು, ಅದಕ್ಕೆ ಬಿಡುಗಡೆಯಾಗಬೇಕು. ಅಲ್ಲಿ ದಾಳಿಮಾಡುವುದು ನೀರು, ಅದನ್ನು ಸೆರೆಹಾಕಬೇಕು. ಎರಡೂ ದೇವಾಸುರಯುದ್ಧಗಳೇ, ಪಕ್ಷಗಳು ಮಾತ್ರ ಅದಲುಬದಲಾಗಿವೆ. ಈಗ ತುಮಕೂರು ನಗರದೊಳಕ್ಕೆ ಸೇರಿಹೋಗಿರುವ ಶೆಟ್ಟಿಹಳ್ಳಿಯಂತಹ ಬಯಲುಸೀಮೆಯ ಊರಿನವರಿಗೆ ಇಂದ್ರನ ಕಥೆಯು ವ್ಯಾಖ್ಯಾನವಿಲ್ಲದೆ ತಿಳಿಯುವುದು. ಮೋಡ ಕಟ್ಟಿ ಮಳೆ ಬಾರದಿರುವ ಆಷಾಢವನ್ನು ಕಂಡವರು ವೃತ್ರನನ್ನು ಕಂಡಂತೆಯೇ. ಯೋಬನ ಕದ ಅಗುಳಿಗಳನ್ನು ತಿಳಿಯಬೇಕಾದರೆ ಅಧ್ಯಾಪಕರ ಸಹಾಯ ಬೇಕು.

ಇನ್ನು ದಾಟುವ ವಿಷಯ. ‘ಇಬ್ರಿಯ’ ಎಂಬ ಹೆಸರಿಗೇ ದಾಟಿಬಂದವನೆಂಬ ಅರ್ಥವುಂಟೆಂದೂ, ಆದಿಕಾಂಡದಲ್ಲಿ ಅಬ್ರಾಮನಿಗೆ ಹೇಳಿದ ಈ ಪದವನ್ನು ಪ್ರಾಚೀನ ಗ್ರೀಕ್ ಭಾಷಾಂತರಕಾರರು ಹಾಗೆಯೇ ಅರ್ಥಮಾಡಿದ್ದಾರೆಂದೂ ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ಆದರೆ ಅವರು ಹೇಗೆ ದಾಟಿದರೆಂಬುದನ್ನು ನೋಡಬೇಕು. ಮೋಶೆಯ ಜನರು ಕೆಂಪುಸಮುದ್ರವನ್ನು ದೋಣಿಯಲ್ಲಿ ದಾಟಲಿಲ್ಲ. ನೀರು ಇಬ್ಭಾಗವಾಗಿ ಒಣನೆಲದ ಮೇಲೆ ನಡೆದುಹೋದರು. ಯೆಹೋಶುವನ ಕಾಲದಲ್ಲಿ ಯೊರ್ದನ್ ಹೊಳೆಯು ನಿಂತುಹೋಯಿತು, ಅಲ್ಲಿಯೂ ನಡೆದರು. ಎಲೀಯನೂ ಎಲೀಷನೂ ಕಂಬಳಿಯಿಂದ ನೀರನ್ನು ಹೊಡೆದು ನಡೆದುಹೋದರು. ಹಳೆಯ ಒಡಂಬಡಿಕೆಯ ಪವಿತ್ರವಾದ ದಾಟುವಿಕೆಗಳಲ್ಲಿ ಅಂಬಿಗನಿಲ್ಲ, ಹರಿಗೋಲಿಲ್ಲ. ನೀರು ದಾರಿಬಿಡುವುದು, ಏಕೆಂದರೆ ಅದಕ್ಕೆ ಆಜ್ಞೆಯಾಗಿದೆ.

ಇಲ್ಲಿ ವಾಲ್ಮೀಕಿಯ ಯುದ್ಧಕಾಂಡವನ್ನು ನೆನೆಯದಿರಲಾಗದು. ಶ್ರೀರಾಮನು ದರ್ಭೆಯ ಮೇಲೆ ಮೂರು ರಾತ್ರಿ ಮಲಗಿ ಸಮುದ್ರರಾಜನನ್ನು ಪ್ರಾರ್ಥಿಸಿ, ಅವನು ಬಾರದಿರಲಾಗಿ ಬಿಲ್ಲನ್ನೆತ್ತಿದನು. ಸಮುದ್ರರಾಜನು ಕೈಮುಗಿದು ಬಂದನು. ಇದುವರೆಗೆ ಇಬ್ರಿಯರ ಕಥೆಗೆ ಸಮೀಪವಾಗಿಯೇ ಇದೆ. ಆದರೆ ಅವನ ಮಾತನ್ನು ಕೇಳಿರಿ. ಪಂಚಭೂತಗಳು ತಮ್ಮ ತಮ್ಮ ಸ್ವಭಾವದಲ್ಲಿ ನಿಂತಿರುವುವು; ಅಗಾಧವಾಗಿರುವುದೇ ನನ್ನ ಸ್ವಭಾವ; ಕಾಲ್ನಡೆಗೆ ಎಡೆಕೊಟ್ಟರೆ ಅದು ವಿಕಾರವಾದೀತು ಎಂದು ಅವನು ವಾದಿಸುವನು; ರಾಮನು ಅದನ್ನು ಒಪ್ಪುವನು. ಆಮೇಲೆ ನಳನು ಸೇತುವೆಯನ್ನು ಕಟ್ಟುವನು. ಭಯದಿಂದ ನಡುಗುವಾಗಲೂ ನಮ್ಮ ಸಮುದ್ರನು ಸ್ವಧರ್ಮವನ್ನು ಬಿಡಲಿಲ್ಲ, ದೇವರೂ ಬಿಡಿಸಲಿಲ್ಲ. ಮೋಶೆಯ ಕಡಲಿಗೆ ಹೀಗೆ ವಾದಿಸುವ ಅಧಿಕಾರವಿಲ್ಲ. ಎರಡು ಸಂಸ್ಕೃತಿಗಳು ಪ್ರಕೃತಿಯನ್ನು ನೋಡಿದ ಬಗೆಯು ಈ ಒಂದು ಪ್ರಸಂಗದಲ್ಲಿ ತಿಳಿಯುವಷ್ಟು ಬೇರೆಲ್ಲಿಯೂ ತಿಳಿಯದೆಂದು ನನ್ನ ಅಭಿಪ್ರಾಯ.

ಹಾಗಾದರೆ ಹಳೆಯ ಒಡಂಬಡಿಕೆಯ ಹಡಗುಗಳು ಏನು ಮಾಡುವುವು? ಹೆಚ್ಚಾಗಿ ವ್ಯಾಪಾರ ಮಾಡುವುವು, ಒಡೆದುಹೋಗುವುವು. ಕರಾವಳಿಯ ಬಹುಭಾಗವು ಫಿಲಿಷ್ಟಿಯರ ಮತ್ತು ಫಿನಿಷಿಯರ ಕೈಯಲ್ಲಿದ್ದುದರಿಂದ ಇಬ್ರಿಯರು ನೌಕಾವಿದ್ಯೆಯಲ್ಲಿ ಬಲ್ಲಿದರಾಗಲಿಲ್ಲ. ಸೊಲೊಮೋನನ ಹಡಗುಗಳಿಗೆ ತೂರಿನ ಅರಸನಾದ ಹೀರಾಮನ ನಾವಿಕರು ಬೇಕಾಯಿತು. ಆ ಹಡಗುಗಳು ತಂದ ‘ತುಕ್ಕೀಯಿಮ್’ ಎಂಬುದನ್ನು ನವಿಲೆಂದು ಅರ್ಥಮಾಡಿ, ತಮಿಳಿನ ‘ತೋಕೈ’ ಪದದೊಡನೆ ಹೊಂದಿಸಿದವರಲ್ಲಿ ಕಾಲ್ಡ್‌ವೆಲ್ಲರೂ ಒಬ್ಬರು. ನಮ್ಮ ‘ತೋಕೆ’ಯೂ ಅದೇ. ಈ ವ್ಯುತ್ಪತ್ತಿಯನ್ನು ಎಲ್ಲರೂ ಒಪ್ಪಿಲ್ಲವಾದರೂ ಕನ್ನಡಿಗರಿಗೆ ಅದು ಇಷ್ಟವಾಗುವುದು ಸಹಜ. ಮುಂದೆ ಯೆಹೋಷಾಫಾಟನು ಕಟ್ಟಿಸಿದ ಹಡಗುಗಳು ಎಚ್ಯೋನ್ ಗೆಬೆರಿನ ರೇವಿನಲ್ಲಿಯೇ ಒಡೆದುಹೋದುವು. ಯೆಹೆಜ್ಕೇಲನ 27ನೆಯ ಅಧ್ಯಾಯದಲ್ಲಿ ತೂರ್ ಪಟ್ಟಣವೇ ಒಂದು ಹಡಗು. ಹಲಗೆಗಳು ಸೆನೀರಿನ ಮರದವು, ಕೂವೆಮರವು ಲೆಬನೋನಿನ ದೇವದಾರು, ಹುಟ್ಟುಗಳು ಬಾಷಾನಿನ ಓಕ್ ಮರದವು, ಹಾಯಿ ಐಗುಪ್ತದ ಕಸೂತಿಯ ನಾರುಬಟ್ಟೆ. ಕಡೆಗೆ ಮೂಡಣಗಾಳಿಯು ನಡುಗಡಲಿನಲ್ಲಿ ಅದನ್ನು ಮುರಿಯುವುದು. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇದು ಶುದ್ಧವಾದ ಸಾವಯವರೂಪಕ. ದಾಸರ ಹರಿಗೋಲಿನಂತೆಯೇ ಪ್ರತಿಯೊಂದು ಅಂಗಕ್ಕೂ ಲೆಕ್ಕವಿದೆ. ಅಲ್ಲಿ ಉಪಮೇಯವು ದೇಹ, ಇಲ್ಲಿ ಐಶ್ವರ್ಯದಿಂದ ಕೊಬ್ಬಿದ ನಗರ. ಯೋನನು ಹಡಗು ಹತ್ತಿದುದು ಕೂಡ ದೇವರ ಕಡೆಗೆ ಹೋಗುವುದಕ್ಕಲ್ಲ, ದೇವರಿಂದ ಓಡಿಹೋಗುವುದಕ್ಕೆ. 107ನೆಯ ಕೀರ್ತನೆಯಲ್ಲಿ ಮಾತ್ರ ಬಿರುಗಾಳಿ ಅಡಗಿ ವರ್ತಕರು ಬಯಸಿದ ರೇವನ್ನು ಸೇರುವರು. ನಮ್ಮ ದಡ ಸೇರುವ ಭಾವಕ್ಕೆ ಅಷ್ಟುಮಟ್ಟಿಗೆ ಅದು ಹತ್ತಿರ.

ನೋಹನ ನಾವೆಯ ಮಾತೇನು ಎಂದು ಕೇಳಬಹುದು. ಅದನ್ನು ಹಡಗುಗಳ ಪಟ್ಟಿಯಲ್ಲಿ ಸೇರಿಸದೆ ಬಿಟ್ಟುದಕ್ಕೆ ಕಾರಣವಿದೆ. ಮೂಲದಲ್ಲಿ ಅದರ ಹೆಸರು ‘ತೇಬಾ’. ಈ ಪದವು ಇಡೀ ಇಬ್ರಿಯ ಸತ್ಯವೇದದಲ್ಲಿ ಎರಡೇ ಕಡೆ ಬರುವುದು: ಆದಿಕಾಂಡದಲ್ಲಿ ನೋಹನಿಗೆ, ವಿಮೋಚನಕಾಂಡದಲ್ಲಿ ಕೂಸಾದ ಮೋಶೆಯನ್ನು ನೈಲ್ ನದಿಯ ಜಂಬಿನಲ್ಲಿ ಬಿಟ್ಟ ಪೆಟ್ಟಿಗೆಗೆ. ಎಂದರೆ ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರದ ಆ ಮಹಾವಸ್ತುವೂ ಒಂದು ಪೆಟ್ಟಿಗೆಯೇ. ಅದಕ್ಕೆ ಚುಕ್ಕಾಣಿಯಿಲ್ಲ, ಹಾಯಿಯಿಲ್ಲ, ಹುಟ್ಟಿಲ್ಲ, ನಾವಿಕನಿಲ್ಲ. ಬಾಗಿಲನ್ನು ಮುಚ್ಚಿದವನೂ ಯೆಹೋವನೇ ಹೊರತು ನೋಹನಲ್ಲ. ಶತಪಥಬ್ರಾಹ್ಮಣದ ಮನುವಿನ ನಾವೆಯನ್ನಾದರೋ ಮೀನು ಕೊಂಬಿಗೆ ಕಟ್ಟಿದ ಹಗ್ಗದಿಂದ ಎಳೆದುಕೊಂಡು ಉತ್ತರದ ಗಿರಿಗೆ ಮುಟ್ಟಿಸುವುದು. ಅದಕ್ಕೆ ಗಮನವಿದೆ, ಗುರಿಯಿದೆ. ತೇಬಾ ಎಲ್ಲಿಗೂ ಹೋಗುವುದಿಲ್ಲ, ತೇಲುವುದು ಮಾತ್ರ. ಕನ್ನಡ ಭಾಷಾಂತರದಲ್ಲಿ ನೋಹನದು ‘ನಾವೆ’, ಮೋಶೆಯದು ‘ಪೆಟ್ಟಿಗೆ’ ಎಂದಾದುದರಿಂದ ಮೂಲಕವಿಯು ಉದ್ದೇಶಿಸಿದ ಸಂಬಂಧವು ಕಡಿದುಹೋಯಿತು. ಇಂಗ್ಲಿಷಿನವರು ನೋಹನದಕ್ಕೂ ಮೋಶೆಯದಕ್ಕೂ ಒಡಂಬಡಿಕೆಯ ಪೆಟ್ಟಿಗೆಗೂ ಒಂದೇ ಪದವನ್ನು ಹೇಳಿ ಮತ್ತೊಂದು ಬಗೆಯ ಗೊಂದಲ ಮಾಡಿದರು. ನಮ್ಮವರು ಆ ಮೂರನೆಯದಕ್ಕೆ ‘ಮಂಜೂಷ’ ಎಂದರು. ಇದರಲ್ಲಿ ಒಂದು ವಿನೋದವಿದೆ. ಮಹಾಭಾರತದ ವನಪರ್ವದಲ್ಲಿ ಕುಂತಿಯು ಮಗುವಾದ ಕರ್ಣನನ್ನು ಮೇಣ ಹಚ್ಚಿದ ಮಂಜೂಷದಲ್ಲಿಟ್ಟು ಅಶ್ವನದಿಯಲ್ಲಿ ತೇಲಿಬಿಟ್ಟಳು. ಅದು ಚರ್ಮಣ್ವತಿ, ಯಮುನೆ, ಗಂಗೆಗಳನ್ನು ಹಾಯ್ದು ಚಂಪಾಪುರಿಗೆ ಮುಟ್ಟಿತು. ತೇಲುವ ಪೆಟ್ಟಿಗೆಗೆ ವ್ಯಾಸರ ಭಾಷೆಯಲ್ಲಿ ಸಿದ್ಧವಾಗಿದ್ದ ಪದವು ತೇಲದ ಪೆಟ್ಟಿಗೆಗೆ ಸಂದಿತು. ಭಾಷಾಂತರವನ್ನು ಈಗ ತಿದ್ದಬೇಕೆಂದು ನಾನು ಹೇಳುವುದಿಲ್ಲ. ರೂಢಿಗೆ ಬಂದ ಪದಕ್ಕೆ ಅದರದೇ ಬಲವುಂಟು. ಪಾಠಹೇಳುವಾಗ ಮೋಶೆಯ ಪೆಟ್ಟಿಗೆಯ ಬಳಿ ನಿಂತು ನೋಹನನ್ನೂ ಕರ್ಣನನ್ನೂ ನೆನೆಸಿದರೆ ಸಾಕು.

ಹೊಸ ಒಡಂಬಡಿಕೆಯ ಕಡಲಿಗೆ ಬರೋಣ. ಗಲಿಲಾಯದ ಸಮುದ್ರವೆಂಬುದು ನಿಜವಾಗಿ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರು, ಅಗಲವು ಹೆಚ್ಚೆಂದರೆ 13. ಅದರ ಮಟ್ಟವು ಹೊರಸಮುದ್ರಕ್ಕಿಂತ ಸುಮಾರು 210 ಮೀಟರು ಕೆಳಗಿದೆ. ಗ್ರೀಕ್ ಮೂಲದಲ್ಲಿ ಮಾರ್ಕ, ಮತ್ತಾಯ, ಯೋಹಾನರು ಅದನ್ನು ಸಮುದ್ರವೆನ್ನುವರು. ಲೂಕನೊಬ್ಬನು ಕೆರೆ ಸರೋವರಗಳಿಗೆ ಹೇಳುವ ಪದವನ್ನೇ ಬಳಸುವನು. ಇಷ್ಟು ನೀರನ್ನು ಸಮುದ್ರವೆಂದುದನ್ನು ಹಾಸ್ಯಮಾಡಿದ ಪ್ರಾಚೀನ ಆಕ್ಷೇಪವೊಂದುಂಟು. ಅದು 3ನೆಯ ಶತಮಾನದ ಪೋರ್ಫಿರಿಯದೆಂದು ಹೇಳುವರು. ಆ ತಾರ್ಕಿಕನು ನಮ್ಮ ಸೀಮೆಯನ್ನು ನೋಡಿದ್ದರೆ ಏನು ಹೇಳುತ್ತಿದ್ದನೋ! ಇಲ್ಲಿ ಕೆರೆ ಕಟ್ಟಿಸಿದವರೆಲ್ಲ ಸಮುದ್ರವನ್ನೇ ಕಟ್ಟಿಸಿದರು. ತುರುವೇಕೆರೆ ಸೀಮೆಯ ಅಮ್ಮಸಂದ್ರ ಮೊದಲುಗೊಂಡು ‘ಸಂದ್ರ’ ಎಂದು ಕೊನೆಗೊಳ್ಳುವ ಊರುಗಳ ಆ ಪದವು ‘ಸಮುದ್ರ’ದ ಸವೆದ ರೂಪವೆಂಬುದು ಸ್ಥಳನಾಮಗಳನ್ನು ಪರಿಶೀಲಿಸಿದವರಿಗೆ ತಿಳಿದುದೇ. ಕುಣಿಗಲ್ ಕೆರೆಯನ್ನು ಹಾಡಿ ಹೊಗಳಿದ ಜನರಿಗೆ ಗಲಿಲಾಯದ ನೀರು ಸಮುದ್ರವೆನಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಇಲ್ಲಿಯೂ ಎಚ್ಚರ ಬೇಕು. ನಮ್ಮವರು ಕೆರೆಯನ್ನು ಸಮುದ್ರವೆಂದುದು ಗೌರವಕ್ಕೆ. ಮಾರ್ಕನು ಅಂದುದರಲ್ಲಿ ಹಳೆಯ ಯಾಮಿನ ಭಯವು ಧ್ವನಿಸುವುದು.

ಹೇಗೆಂದರೆ, ಮಾರ್ಕನ ನಾಲ್ಕನೆಯ ಅಧ್ಯಾಯದಲ್ಲಿ ಬಿರುಗಾಳಿಯೆದ್ದು ದೋಣಿಗೆ ನೀರು ತುಂಬುತ್ತಿರಲು ಯೇಸುವು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ರಿಸುತ್ತಿರುವನು. ಆ ದೋಣಿಯು ಎಂತಹುದಿದ್ದೀತೆಂಬುದಕ್ಕೆ ಈಗ ಆಧಾರವಿದೆ: 1986ರಲ್ಲಿ ಬರಗಾಲದಿಂದ ಸರೋವರದ ನೀರಿಳಿದಾಗ ಗಿನ್ನೋಸಾರ್ ಎಂಬಲ್ಲಿ ಸುಮಾರು ಅದೇ ಕಾಲದ ದೋಣಿಯೊಂದು ಕೆಸರಿನಲ್ಲಿ ಸಿಕ್ಕಿತು. ಉದ್ದ ಎಂಟು ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಎರಡೂಕಾಲು ಮೀಟರಿನಷ್ಟು. ಅಂತಹ ದೋಣಿಯಲ್ಲಿ ಎದ್ದುನಿಂತು ಯೇಸುವು ಕಡಲಿಗೆ ಸುಮ್ಮನಿರೆಂದು ಅಪ್ಪಣೆಮಾಡುವಾಗ ಮಾರ್ಕನು ಪ್ರಯೋಗಿಸಿದ ಗ್ರೀಕ್ ಕ್ರಿಯಾಪದವು ಬಾಯಿಗೆ ಕುಕ್ಕೆ ಹಾಕುವುದೆಂಬ ಅರ್ಥದ್ದು. ಅದೇ ಪದವನ್ನು ಅವನು ಮೊದಲನೆಯ ಅಧ್ಯಾಯದಲ್ಲಿ ದೆವ್ವವನ್ನು ಬಿಡಿಸುವಾಗ ಪ್ರಯೋಗಿಸಿದ್ದಾನೆ. ಶಿಷ್ಯರ ಬಾಯಿಂದ ಹೊರಡುವುದು ಪ್ರಶ್ನೆ: ಗಾಳಿಯೂ ಕಡಲೂ ಮಾತು ಕೇಳುವಂತಹ ಇವನು ಯಾರು? ಯೋಬನ ಗ್ರಂಥವನ್ನು ಓದಿದ ಯೆಹೂದ್ಯನಿಗೆ ಉತ್ತರವನ್ನು ಹೇಳಬೇಕಾಗಿಲ್ಲ; ಕಡಲಿಗೆ ಅಗುಳಿ ಹಾಕಿದವನು ಒಬ್ಬನೇ. ಇದನ್ನು ‘ಭವಸಾಗರವನ್ನು ದಾಟಿಸುವ ಗುರು’ ಎಂದು ವಿವರಿಸಿದರೆ ಆ ಪ್ರಶ್ನೆಯೇ ಮಾಯವಾಗುವುದು; ಕಥೆಯ ಪ್ರಾಣವೂ ಅದರೊಡನೆ ಹೋಗುವುದು. ದೋಣಿಯು ಆಚೆಯ ದಡವನ್ನು ಸೇರಿತೆಂಬುದು ಅಲ್ಲಿ ಗೌಣ.

ಇಷ್ಟು ಭೇದವಿದ್ದರೂ ಕನ್ನಡದಲ್ಲಿ ಇವೆರಡೂ ಕೂಡಿಕೊಂಡುದು ಹೇಗೆ? ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರ ಶ್ರಮದಿಂದ 1830ರ ದಶಕದ ಆರಂಭಕ್ಕೆ ಸಂಪೂರ್ಣ ಸತ್ಯವೇದವು ಕನ್ನಡಕ್ಕೆ ಬಂದಿತು. ಅದೇ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ನಮ್ಮ ಗುಬ್ಬಿಯಲ್ಲಿ ನೆಲೆಮಾಡಿದರು. ಥಾಮಸ್ ಹಾಡ್‌ಸನ್ನರು ಅಲ್ಲಿದ್ದರು. 1839ರಲ್ಲಿ ಬಂದ ವಿಲಿಯಂ ಆರ್ಥರರು ಕಣ್ಣಿನ ಬೇನೆಯಿಂದ ಬೇಗನೆ ಹಿಂದಿರುಗಿ 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು 1736ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಸಿಕ್ಕಿ ತಮ್ಮ ಶ್ರದ್ಧೆಯನ್ನು ತಾವೇ ಶಂಕಿಸಿದವರು. ಕಡಲೆಂದರೆ ಲೋಕ, ಹಡಗೆಂದರೆ ಸಭೆ ಎಂಬ ವ್ಯಾಖ್ಯಾನವಾದರೋ ಅವರಿಗಿಂತ ಬಹಳ ಹಳೆಯದು, ಕ್ರಿ. ಶ. 200ರ ಸುಮಾರಿನಲ್ಲಿ ತೆರ್ತುಲ್ಲಿಯನನು ದೀಕ್ಷಾಸ್ನಾನವನ್ನು ಕುರಿತ ಗ್ರಂಥದಲ್ಲಿ ಶಿಷ್ಯರ ದೋಣಿಯನ್ನು ಹೀಗೆಯೇ ಅರ್ಥಮಾಡಿದ್ದಾನೆ. ಇದು ಮೂಲಕ್ಕಿಂತ ಭಾಷ್ಯದ ಮಾತು. ಹೀಗೆ ಭಾಷ್ಯವನ್ನು ಕಲಿತು ಸಮುದ್ರದ ಮೇಲೆ ಬಂದವರು ಒಂದು ಕಡೆ. ಸಮುದ್ರವನ್ನೇ ಕಾಣದೆ, ಭವಸಾಗರವನ್ನು ಮಾತ್ರ ಪುರಾಣಗಳಲ್ಲಿ ಕೇಳಿ ಬಲ್ಲವರು ಮತ್ತೊಂದು ಕಡೆ. ಗುಬ್ಬಿಯು 1513ರಲ್ಲಿ ‘ಭಾವಚಿಂತಾರತ್ನ’ವನ್ನು ಬರೆದ ಮಲ್ಲಣಾರ್ಯನ ಊರು, ಕುಣಿಗಲ್ ಸೀಮೆಯ ಎಡೆಯೂರು ತೋಂಟದ ಸಿದ್ಧಲಿಂಗಯತಿಗಳ ಸ್ಥಾನ. ಅಲ್ಲಿಯ ಕೇಳುಗರಿಗೆ ‘ದಾಟಿಸುವವನು’ ಎಂದೊಡನೆ ಮುಂದಿನದೆಲ್ಲ ತಾನಾಗಿ ಹೊಳೆದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಯೇಸುಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದಂತೆ, ಕೇಳುಗರು ಅದರ ಕಡಲನ್ನು ದೇಶೀಯ ಭಾವಕ್ಕೆ ಅಳವಡಿಸಿಕೊಂಡರು. ಇದನ್ನು ದೋಷವೆನ್ನಲಾಗದು; ಭಕ್ತರಿಗೆ ಆ ಸ್ವಾತಂತ್ರ್ಯವುಂಟು. ಅಧ್ಯಾಪಕರಿಗಿಲ್ಲ.

ಈ ಭೇದವನ್ನು ಮರೆತರೆ ಅರ್ಥವಾಗದೆ ಉಳಿಯುವ ವಾಕ್ಯವೊಂದು ಪ್ರಕಟನೆಯ 21ನೆಯ ಅಧ್ಯಾಯದ ಆದಿಯಲ್ಲಿದೆ. ಹೊಸ ಆಕಾಶ, ಹೊಸ ಭೂಮಿಗಳು ಕಾಣಿಸಿಕೊಂಡಾಗ ಸಮುದ್ರವು ಇಲ್ಲವಾಗಿತ್ತೆಂದು ಅಲ್ಲಿ ಹೇಳಿದೆ. ಸಮುದ್ರವನ್ನು ರತ್ನಾಕರನೆಂದೂ ಲಕ್ಷ್ಮಿಯ ತವರೆಂದೂ ಶ್ರೀಹರಿಯ ಹಾಸಿಗೆಯ ಸ್ಥಳವೆಂದೂ ಬಲ್ಲ ನಮಗೆ ಇದು ಸ್ವರ್ಗದ ವರ್ಣನೆಯೋ ಪ್ರಳಯದ ವರ್ಣನೆಯೋ ಎಂದು ಸಂಶಯವಾಗುವುದು. ಭವಸಾಗರವೇ ಅಲ್ಲಿಯ ಅರ್ಥವೆಂದರೂ ಹೊಂದದು. ಭವಸಾಗರವನ್ನು ದಾಟಿದವನಿಗೆ ಅದು ಹಿಂದೆ ಉಳಿಯುವುದು, ಬತ್ತುವುದಿಲ್ಲ. ಗ್ರಂಥವನ್ನು ಮೊದಲಿನಿಂದ ಓದಿದರೆ ತೊಡಕು ಬಿಡುವುದು. ನಾಲ್ಕನೆಯ ಅಧ್ಯಾಯದಲ್ಲಿ ಸಿಂಹಾಸನದ ಮುಂದೆ ಕಡಲು ಗಾಜಿನಂತೆ ನಿಶ್ಚಲವಾಗಿದೆ. ಹದಿಮೂರರಲ್ಲಿ ಅದರಿಂದ ಮೃಗವು ಏಳುವುದು. ಹದಿನೆಂಟರಲ್ಲಿ ಸಾಮ್ರಾಜ್ಯನಗರಿಯ ನಾಶಕ್ಕಾಗಿ ಹಡಗಿನ ಯಜಮಾನರು ತಲೆಯ ಮೇಲೆ ಮಣ್ಣು ಹಾಕಿಕೊಂಡು ಅಳುವರು. ಇಪ್ಪತ್ತರಲ್ಲಿ ಕಡಲು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸುವುದು. ಲೆಕ್ಕ ಒಪ್ಪಿಸಿದಮೇಲೆ ಆ ದಂಗೆಕೋರನಿಗೆ ಹೊಸ ಲೋಕದಲ್ಲಿ ಜಾಗವಿಲ್ಲ.

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ಕಡೆಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆನು. ಪೌಲನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುತ್ತಿದ್ದ ಹಡಗಿನ ಸಮುದ್ರಭಂಗವು ಅದರ ವಿಷಯ. ಪ್ರಾಚೀನ ನೌಕಾಯಾನವನ್ನು ತಿಳಿಯಬೇಕಾದವರು ಇಂದಿಗೂ ಓದುವ ಪ್ರಕರಣ. ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಇಳಿಬಿಡುವುದು, ಗೋದಿಯನ್ನು ನೀರಿಗೆಸೆಯುವುದು, ನಾವಿಕರು ಕಿರುದೋಣಿಯಲ್ಲಿ ತಪ್ಪಿಸಿಕೊಳ್ಳಲೆತ್ನಿಸುವುದು, ಸೈನಿಕರು ಅದರ ಹಗ್ಗವನ್ನು ಕತ್ತರಿಸುವುದು, ಎಲ್ಲವೂ ಇದೆ. ನಮ್ಮ ಭಾಷೆಯಲ್ಲಿ ‘ಲಂಗರು’ ಪಾರಸಿಯಿಂದ ಬಂದ ಪದ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ನಿರೀಕ್ಷೆಯನ್ನು ಆತ್ಮದ ಲಂಗರೆಂದುದು ಬಯಲುಸೀಮೆಯವರಿಗೆ ಹೃದಯಕ್ಕಿಳಿಯದಿರಲು ಪದವೂ ವಸ್ತುವೂ ದೂರದವಾದುದೇ ಕಾರಣವಿರಬೇಕು. ಕಡೆಗೆ ಹಡಗು ನೆಲಕ್ಕೆ ಸಿಕ್ಕಿ ಒಡೆಯುವುದು. ಇನ್ನೂರ ಎಪ್ಪತ್ತಾರು ಜನರೂ ಈಜಿಯೋ ಹಲಗೆಗಳನ್ನು ಹಿಡಿದೋ ಮೆಲೀತೆ ದ್ವೀಪದ ದಡಕ್ಕೆ ಬರುವರು. ಹಡಗು ಯಾರನ್ನೂ ದಾಟಿಸಲಿಲ್ಲ. ಮೂರು ತಿಂಗಳ ತರುವಾಯ ಅವರು ಹತ್ತಿದ ಮತ್ತೊಂದು ಹಡಗಿಗೆ ದಿಯೊಸ್ಕೂರರ ಚಿಹ್ನೆಯಿತ್ತೆಂದು ಲೂಕನು ಯಾವ ಟೀಕೆಯೂ ಇಲ್ಲದೆ ಬರೆದಿದ್ದಾನೆ. ನಾವಿಕರನ್ನು ಕಾಯುವರೆಂದು ಗ್ರೀಕರು ನಂಬಿದ್ದ, ಕುದುರೆಗಳಿಗೆ ಪ್ರಿಯರಾದ ಈ ಅವಳಿದೇವತೆಗಳನ್ನು ಭಾಷಾಶಾಸ್ತ್ರಜ್ಞರು ನಮ್ಮ ಅಶ್ವಿನೀದೇವತೆಗಳೊಡನೆ ಹೋಲಿಸಿದ್ದಾರೆ. ಋಗ್ವೇದದ ಮೊದಲನೆಯ ಮಂಡಲದಲ್ಲಿ ತುಗ್ರನ ಮಗನಾದ ಭುಜ್ಯುವು ಹಿಡಿಯಲು ಆಧಾರವಿಲ್ಲದ ಕಡಲಿನ ನಡುವೆ ಬಿದ್ದಿದ್ದಾಗ ನೂರು ಹುಟ್ಟುಗಳ ನಾವೆಯಲ್ಲಿ ಅವನನ್ನು ಮನೆಗೆ ತಲಪಿಸಿದವರು ಅವರೇ.